ಮುಚ್ಚಿಗೆಯಿಂದ ಕೆಳಕ್ಕೆ

ಮಲೆನಾಡಿನ ಹಳೆಯ ಮನೆಗಳ ದುರಸ್ತಿ ಶುರುವಾದರೆ ಹಲವು ಕಡೆ ಮೊದಲ ಏಟು ಬೀಳುವುದು ಮುಚ್ಚಿಗೆಗೆ. ‘ಒಳಗೆ ಬರೀ ಕತ್ತಲೆ’ ಎಂಬ ಒಂದೇ ದೂರು ಸಾಕು, ಜಗಲಿಯ ಮರದ ಮುಚ್ಚಿಗೆಯ ಕೆಳಗೆ ಬಿಳಿಯ ಫಾಲ್ಸ್ ಸೀಲಿಂಗ್ ಬಂದು ಕೂರುತ್ತದೆ. ಅದೂ ಇಲ್ಲದಿದ್ದರೆ ತೊಲೆ, ಹಲಗೆಗಳಿಗೆಲ್ಲ ಪೇಂಟು. ನೋಡಿದರೆ ಸಂಕಟವಾಗುತ್ತದೆ. ಬಡಗಿಯ ಕೈ ಅತಿ ಹೆಚ್ಚು ದುಡಿದ ಜಾಗವನ್ನೇ ನಾವು ಮರೆಮಾಡುತ್ತಿದ್ದೇವೆ.

ಮುಚ್ಚಿಗೆ ಬರೀ ಚಂದಕ್ಕೆ ಹುಟ್ಟಿದ್ದಲ್ಲ. ಮೇಲಿನ ಅಟ್ಟದಲ್ಲಿ ಪೇರಿಸಿಟ್ಟ ಅಡಿಕೆ, ಭತ್ತದ ಭಾರವನ್ನು ಅದು ಹೊರಬೇಕಿತ್ತು. ದಪ್ಪ ತೊಲೆ, ಅದರ ಮೇಲೆ ಅಡ್ಡಲಾಗಿ ಜಂತಿ, ಮೇಲೆ ಒತ್ತಾಗಿ ಹಲಗೆ. ಎಷ್ಟೋ ಮನೆಗಳಲ್ಲಿ ಹಲಗೆಯ ಮೇಲೊಂದು ಪದರ ಮಣ್ಣು. ಆ ಮಣ್ಣು ಬೇಸಿಗೆಯ ಸೆಕೆಯನ್ನು ಮೇಲೆಯೇ ತಡೆಯುತ್ತಿತ್ತು, ಮಾಡಿಗೆ ಬೆಂಕಿ ಬಿದ್ದರೆ ಅದು ಬೇಗ ಕೆಳಗಿಳಿಯದಂತೆಯೂ ಕಾಯುತ್ತಿತ್ತು. ಅನುಕೂಲವಿದ್ದವರು ತೇಗ, ಬೀಟೆ ಹಾಕಿಸಿದರು. ಉಳಿದವರಿಗೆ ಹಿತ್ತಲಿನ ಹಲಸೇ ಆಯಿತು. ಕೊಯ್ದಾಗ ಅರಿಶಿನ ಬಣ್ಣಕ್ಕಿರುವ ಹಲಸಿನ ಹಲಗೆ ವರ್ಷಗಳು ಸಂದಂತೆ ಕೆಂಪಾಗಿ, ಕಂದಾಗಿ ಮಾಗುತ್ತದೆ. ಆ ಬಣ್ಣ ಡಬ್ಬದಲ್ಲಿ ಸಿಗುವುದಿಲ್ಲ.

ಹಳೆಯ ಮರಗೆಲಸದ ಈ ಬೆಲೆಯನ್ನು ಮಣಿಪಾಲದ ವಿಜಯನಾಥ ಶೆಣೈ ಅರಿತಿದ್ದರು. ಬ್ಯಾಂಕ್ ನೌಕರಿಯಲ್ಲಿದ್ದ ಅವರು, ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಅಲ್ಲಿನ ಪಾರಂಪರಿಕ ಗ್ರಾಮದಲ್ಲಿ ಈಗಲೂ ಆ ಮನೆಗಳ ಒಳಗೆ ನಿಂತು ತಲೆಯೆತ್ತಿ ನೋಡಬಹುದು. ಮನೆ ದುರಸ್ತಿಗೆ ಹೊರಟವರು ಗುತ್ತಿಗೆದಾರನನ್ನು ಕರೆಯುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿಬರಲಿ ಎಂದು ನನ್ನ ಆಸೆ.

ಇಂಥ ಮುಚ್ಚಿಗೆ ಇರುವ ಜಗಲಿಯನ್ನು ಮೇಲಿನಿಂದ ಕೆಳಕ್ಕೆ ಅಣಿಗೊಳಿಸಬೇಕು. ಗೋಡೆಗೆ ಸುಣ್ಣದ ಬಿಳುಪು ಇರಲಿ. ಕತ್ತಲೆಯ ದೂರು ಅರ್ಧ ಅಲ್ಲಿಯೇ ತೀರುತ್ತದೆ. ಕೆಂಪು ಗಾರೆಯ ನೆಲವಿದ್ದರೆ ಅದನ್ನು ಟೈಲ್ಸ್ ಹಾಕಿ ಮುಚ್ಚಬೇಡಿ. ಹಳೆಯ ಜಗಲಿಗಳ ಎತ್ತರ ಕಡಿಮೆ, ಹಾಗಾಗಿ ಆಳೆತ್ತರದ ಶೋಕೇಸು, ಎತ್ತರ ಬೆನ್ನಿನ ಸೋಫಾ ಅಲ್ಲಿಗೆ ಹೊಂದುವುದಿಲ್ಲ. ತಗ್ಗಿನ ಮಂಚ, ಜಮಖಾನ, ಒಂದೆರಡು ಮಣೆ ಸಾಕು. ದೀಪದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತೊಲೆಗೆ ಮೊಳೆ ಹೊಡೆದು ಟ್ಯೂಬ್‌ಲೈಟ್ ಸಿಕ್ಕಿಸಿದರೆ ಕಣ್ಣು ಕೋರೈಸುತ್ತದೆಯೇ ಹೊರತು ಮರ ಕಾಣುವುದಿಲ್ಲ. ಗೋಡೆಯ ಮೇಲಿನ ದೀಪ ಓರೆಯಾಗಿ ಮೇಲಕ್ಕೆ ಬೆಳಕು ಚೆಲ್ಲಿದರೆ ಜಂತಿ ಜಂತಿಗೂ ನೆರಳು ಬಿದ್ದು ಕೆತ್ತನೆ ಎದ್ದು ನಿಲ್ಲುತ್ತದೆ. ಝಗಮಗಿಸುವ ಶಾಂಡ್ಲಿಯರ್ ಅಲ್ಲಿ ಬೇಡವೇ ಬೇಡ. ತೊಟ್ಟಿಲು, ತೂಗುಮಂಚಕ್ಕೆಂದು ಹಿಂದಿನವರು ಹಾಕಿಸಿದ ಕಬ್ಬಿಣದ ಕೊಂಡಿಗಳಿದ್ದರೆ ಅವುಗಳನ್ನು ಕೀಳಿಸಬೇಡಿ.

ಇವೆಲ್ಲಕ್ಕೂ ಮುಂಚೆ ನುರಿತ ಬಡಗಿಯೊಬ್ಬ ಅಟ್ಟ ಹತ್ತಿ ಗೆದ್ದಲು, ಸೋರಿದ ಗುರುತು ನೋಡಲಿ. ಒಂದು ಹಲಗೆ ಕೆಟ್ಟಿದೆಯೆಂದು ಇಡೀ ಮುಚ್ಚಿಗೆ ಇಳಿಸಬೇಕಿಲ್ಲ. ಕೆಟ್ಟಿದ್ದನ್ನಷ್ಟೇ ತೆಗೆದು ಅದೇ ಜಾತಿಯ ಮರ ಕೂರಿಸಲಿ. ಹಲಸಿನ ಹೊಸ ಹಲಗೆ ಕೆಲವು ವರ್ಷ ಹಳದಿಯಾಗಿಯೇ ಕಾಣಲಿ, ಅದಕ್ಕೆ ಬಣ್ಣ ಬಳಿಸಬೇಡಿ.