ಕಾಣದವರ ಕೈಯಲ್ಲಿ ಪುಸ್ತಕ

ಕಣ್ಣು ಕಾಣದವನಿಗೆ ಪುಸ್ತಕ ಯಾತಕ್ಕೆ, ಪಕ್ಕದವರು ಓದಿ ಹೇಳಿದರೆ ಸಾಲದೋ ಎಂದು ಕೆಲವರು ಕೇಳುವದುಂಟು. ಓದಿ ಹೇಳುವದು ಒಳ್ಳೇ ಕೆಲಸವೇ; ನಾವು ಅದನ್ನು ಹಗುರವಾಗಿ ಎಣಿಸುವದಿಲ್ಲ. ಆದಾಗ್ಯೂ ಓದುವವನಿಗೆ ಬಿಡುವಾದಾಗ ಮಾತ್ರ ಕೇಳುವವನಿಗೆ ಓದು ದೊರೆಯುವದು. ಯಾವ ಪುಸ್ತಕವನ್ನು ತೆಗೆಯಬೇಕು, ಯಾವ ಪುಟವನ್ನು ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬದನ್ನೆಲ್ಲಾ ಓದುವವನೇ ತೀರ್ಮಾನಿಸುವನು. ತನ್ನ ಸಾಲಪತ್ರದಲ್ಲಿ ಏನು ಬರೆದದೆ ಎಂಬದನ್ನು ಸಾಲ ಕೊಟ್ಟವನ ಬಾಯಿಂದಲೇ ಕೇಳಬೇಕಾದವನ ಅವಸ್ಥೆ ಎಂಥಾದ್ದೆಂದು ಹಳ್ಳಿಯವರಿಗೆ ಬೇರೆ ಹೇಳಬೇಕೋ?

ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬವನು 1809ರಲ್ಲಿ ಹುಟ್ಟಿ, ಎಳೇ ಪ್ರಾಯದಲ್ಲಿ ತಂದೆಯ ಜೀನು ಹೊಲಿಯುವ ಅಂಗಡಿಯಲ್ಲಿ ಕಣ್ಣಿಗೆ ಗಾಯವಾಗಿ ದೃಷ್ಟಿಯನ್ನು ಕಳಕೊಂಡನು. ಬೆರಳಿನಿಂದ ಮುಟ್ಟಿ ಓದತಕ್ಕ ಚುಕ್ಕೆಯ ಅಕ್ಷರಗಳನ್ನು ಅವನು 1829ರಲ್ಲಿ ಪ್ರಕಟಿಸಿದನು. ಆರೇ ಚುಕ್ಕೆಗಳು, ಅವುಗಳಿಂದ 63 ಗುರುತುಗಳಾಗುತ್ತವೆ. 1951ರಿಂದ ಭಾರತೀ ಬ್ರೈಲ್ ಎಂಬ ಕ್ರಮದಲ್ಲಿ ನಮ್ಮ ಕನ್ನಡಕ್ಕೂ ಇದೇ ಚುಕ್ಕೆಗಳುಂಟು. ಆದಕಾರಣ ಕೊರತೆಯು ಅಕ್ಷರದ್ದಲ್ಲ, ಪುಸ್ತಕಗಳದ್ದು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಗ್ರಂಥಕರ್ತನ ಅಪ್ಪಣೆಯಿಲ್ಲದೆ ಅವನ ಪುಸ್ತಕವನ್ನು ಚುಕ್ಕೆಗಳಲ್ಲಿ ಬರೆಯುವದು ಕಳವಲ್ಲವೋ? ಬರೆದವನ ಕೂಲಿಯನ್ನು ಹಿಡಿದಿಡುವದು ಅನ್ಯಾಯವೆಂಬದು ನಿಜ. ಆದರೆ ಅಚ್ಚಿನ ಪುಸ್ತಕವನ್ನು ಓದಲಾರದವನು ಅದನ್ನು ಕೊಳ್ಳುವದಾದರೂ ಹ್ಯಾಗೆ? ಇವನಿಗಾಗಿ ಮಾಡಿದ ಪ್ರತಿಯಿಂದ ಬರೆದವನ ಕಣಜದಲ್ಲಿ ಒಂದು ಕಾಳೂ ಕಡಿಮೆಯಾಗದೆಂದು ನಮ್ಮ ಎಣಿಕೆ. ನಮ್ಮ ದೇಶದ ಕಾನೂನು 2012ರಲ್ಲಿ ಇದನ್ನೇ ಒಪ್ಪಿತು. ಲಾಭವನ್ನು ಹುಡುಕದ ಸಂಘಗಳು ತಗಲಿದ ಖರ್ಚನ್ನು ಮಾತ್ರ ತಕ್ಕೊಂಡು, ಅಚ್ಚನ್ನು ಓದಲಾರದವರಿಗೋಸ್ಕರ ಪ್ರತಿಗಳನ್ನು ಮಾಡಬಹುದು. ಅವು ಮಾರಾಟದ ಪೇಟೆಗೆ ಹೋಗಕೂಡದು.

ಒಂದು ದೇಶದಲ್ಲಿ ಮಾಡಿದ ಪ್ರತಿಯನ್ನು ಇನ್ನೊಂದಕ್ಕೆ ಕಳುಹಿಸುವದಕ್ಕೆ ಇದ್ದ ಅಡ್ಡಿಯನ್ನು ನೀಗಿಸುವ ಸಲುವಾಗಿ 2013ರಲ್ಲಿ ಮೊರಾಕೊ ದೇಶದ ಮರಾಕೇಶ್ ಪಟ್ಟಣದಲ್ಲಿ ಒಡಂಬಡಿಕೆಯಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರಪಡಿಸಿದ್ದು ಭಾರತವೇ. ಅದು 2016ರಲ್ಲಿ ಜಾರಿಗೆ ಬಂತು. ಪುಸ್ತಕವನ್ನು ಕೈಯಲ್ಲಿ ಹಿಡಿಯಲಾರದ ಅಂಗವಿಕಲರೂ, ಅಕ್ಷರಗಳನ್ನು ಗುರುತಿಸಲು ತೊಡಕುಳ್ಳವರೂ ಅದರೊಳಗೆ ಸೇರಿದ್ದಾರೆ.

ಬೀಗವೇನೋ ತೆಗೆದಾಯಿತು. ಆದರೆ ಪುಸ್ತಕವು ತನ್ನಷ್ಟಕ್ಕೆ ಚುಕ್ಕೆಯಾಗದು, ಮಾತಾಡಲಾರದು. ಅಚ್ಚನ್ನು ನೋಡಿ ಗಟ್ಟಿಯಾಗಿ ಓದುವ ಯಂತ್ರಗಳು ಈಗ ಉಂಟು. ಹಳೇ ಅಚ್ಚಿನ ಒತ್ತಕ್ಷರಗಳಲ್ಲಿ ಅವು ಎಡವುವದೂ ಉಂಟು. ಒಬ್ಬನು ಕೂತು ಸಾಲುಸಾಲಾಗಿ ತಿದ್ದಬೇಕು. ನಮ್ಮ ಹಳ್ಳಿಗಳಲ್ಲಿ ಓದುಬರಹ ಬಲ್ಲ ಯೌವನಸ್ಥರು ಸಂಜೆಯ ಹೊತ್ತು ಮಾಡಬಹುದಾದ ಕೆಲಸವಿದು.