ಎಷ್ಟು ಹೊತ್ತು, ಎಲ್ಲಿ

ನಮ್ಮ ದೊಡ್ಡಮ್ಮನ ಮಗನಿಗೆ ಸ್ಕಿಜೋಫ್ರೇನಿಯಾ. ಅವರೆಕಾಯಿ ಕಾಲದಲ್ಲಿ ಅವನ ಪಕ್ಕ ಕೂತು ನೆನೆಸಿದ ಕಾಳು ಹಿತುಕುವುದು ನನಗೆ ರೂಢಿ. ಬೆರಳು ಒತ್ತುತ್ತದೆ, ಸಿಪ್ಪೆ ಜಾರುತ್ತದೆ, ಬೇಳೆ ಪಾತ್ರೆಗೆ ಬೀಳುತ್ತದೆ. ಮೊನ್ನೆ, “ಅಣ್ಣ, ಊಟ ಆಯ್ತಾ?” ಎಂದೆ. ಉತ್ತರವಿಲ್ಲ. ಹಿತ್ತಲಲ್ಲಿ ಯಾರೋ ತನ್ನ ಹೆಸರು ಹಿಡಿದು ಮಾತಾಡುತ್ತಿದ್ದಾರೆ ಎಂದ. ಸ್ವಲ್ಪ ಹೊತ್ತಿಗೆ ಯಾವುದೋ ಹಳೇ ಕ್ರಿಕೆಟ್ ಪಂದ್ಯವನ್ನು ಓವರ್ ಓವರ್ ಬಿಡಿಸಿ ಹೇಳತೊಡಗಿದ. ಬೆರಳು ಮಾತ್ರ ನಿಲ್ಲಲಿಲ್ಲ. ಇದರಲ್ಲಿ ಯಾವ ಗಳಿಗೆಯವನು ನಿಜವಾದ ನಮ್ಮಣ್ಣ?

ಊರಿನವರಿಗೆ ಈ ಪ್ರಶ್ನೆಯಿಲ್ಲ. “ಸ್ಕ್ರೂ ಲೂಸು” ಎಂದು ಮುಗಿಸುತ್ತಾರೆ. ಪಂಡಿತರೂ ಒಂದೇ ಮಾತಿನಲ್ಲಿ ಮುಗಿಸಲು ನೋಡಿದವರೇ. ಮನೋವೈದ್ಯ ಕ್ರೇಪಲಿನ್‌ಗೆ ಇದು ಕುಸಿಯುತ್ತಲೇ ಹೋಗುವ ಕಾಯಿಲೆ. 1908ರಲ್ಲಿ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಇಟ್ಟ ‘ಸ್ಕಿಜೋಫ್ರೇನಿಯಾ’ ಎಂಬ ಹೆಸರಿಗೆ ಸೀಳಿದ ಮನಸ್ಸು ಎಂದರ್ಥ. ನಮ್ಮ ‘ಇಚ್ಚಿತ್ತವಿಕಲತೆ’ ಅದರ ನೆರಳು. ಒಬ್ಬನೊಳಗೆ ಇಬ್ಬರಿದ್ದಾರೆ ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. 1995ರಲ್ಲಿ ಮಿದುಳು ವಿಜ್ಞಾನಿಗಳಾದ ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ ಪ್ರಶ್ನೆಯನ್ನೇ ತಿರುಗಿಸಿದರು: ದೋಷ ಮಿದುಳಿನ ಒಂದು ಜಾಗದಲ್ಲಿರದೆ, ಜಾಗಜಾಗಗಳ ನಡುವಿನ ಸಂಪರ್ಕದಲ್ಲಿದ್ದರೆ?

ಒಳ್ಳೆಯ ಪ್ರಶ್ನೆ. ಆದರೆ ಸಂಪರ್ಕ ತಪ್ಪಿದೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಳೆಗಾಳಿಗೆ ಹರಿದುಬಿದ್ದ ಕರೆಂಟು ತಂತಿ. ನನ್ನ ತಕರಾರು ಇರುವುದು ಅಲ್ಲಿ. ಈ ಸಂಪರ್ಕವನ್ನು ಅಳೆಯಲು, ಎಫ್‌ಎಂಆರ್‌ಐ ಎಂಬ ಮಿದುಳು ಸ್ಕ್ಯಾನ್ ಯಂತ್ರದಲ್ಲಿ ತಲೆ ಅಲುಗಿಸದೆ, ಬಡಿಯುವ ಸದ್ದಿನ ನಡುವೆ ನಿಮಿಷಗಟ್ಟಲೆ ಮಲಗಬೇಕು. ದಾಖಲಾಗುವುದು ಮಿದುಳಿನ ರಕ್ತದಲ್ಲಿ ಆಮ್ಲಜನಕದ ಏರಿಳಿತ. ಎರಡು ಜಾಗಗಳ ಏರಿಳಿತ ಭಜನೆಯ ತಾಳದಂತೆ ಕೂಡಿಬಂದರೆ ಅವುಗಳ ನಡುವೆ ಸಂಪರ್ಕವಿದೆ ಎಂದು ಲೆಕ್ಕ. ತಾಳ ಕೂಡುತ್ತದೆ, ತಪ್ಪುತ್ತದೆ, ಮತ್ತೆ ಕೂಡುತ್ತದೆ. ಮೊದಲೆಲ್ಲ ಇಡೀ ಹೊತ್ತಿಗೆ ಒಂದೇ ಸರಾಸರಿ ತೆಗೆಯುತ್ತಿದ್ದರು. ಆಮೇಲೆ ಅರ್ಧ, ಮುಕ್ಕಾಲು ನಿಮಿಷದ ತುಣುಕು ಮಾಡಿ ನೋಡತೊಡಗಿದರು. ಸಂಪರ್ಕದ ಕೆಲವೇ ಸ್ಥಿತಿಗಳು ಮರಳಿ ಮರಳಿ ಬಂದುಹೋಗುವುದು ಕಂಡಿತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಪರ್ಕ ಸಡಿಲವಾದ ಸ್ಥಿತಿಗಳಲ್ಲಿ ಈ ಕಾಯಿಲೆಯವರು ಹೆಚ್ಚು ಹೊತ್ತು ಉಳಿದಿದ್ದರು. ಅಂಥ ಸ್ಥಿತಿಗಳು ಕಾಯಿಲೆಯಿಲ್ಲದವರಲ್ಲೂ ಬಂದುಹೋಗುತ್ತವೆ.

ಇದು ಗುಂಪಿನ ಲೆಕ್ಕ. ಒಬ್ಬನ ಸ್ಕ್ಯಾನ್ ನೋಡಿ ಅವನಿಗೆ ಈ ಕಾಯಿಲೆಯಿದೆ ಎಂದು ಹೇಳಲಾಗದು. ಮಾತ್ರೆ, ತೂಕಡಿಕೆ, ಕತ್ತಿನ ಸಣ್ಣ ಅಲುಗಾಟವೂ ಚಿತ್ರವನ್ನು ಕೆಡಿಸುತ್ತವೆ. ಆದರೂ ಇದು ಮಾತಿನ ವ್ಯಾಕರಣವನ್ನೇ ಬದಲಿಸುತ್ತದೆ. ‘ಅವನು ಹೀಗೆ’ ಎಂದರೆ ಬಾಗಿಲು ಹಾಕಿದಂತೆ. ‘ಅವನು ಅಲ್ಲಿ ಹೆಚ್ಚು ಹೊತ್ತು ತಂಗುತ್ತಾನೆ’ ಎಂದರೆ ಬರುವ ದಾರಿ, ಹೋಗುವ ದಾರಿ ಎರಡೂ ಉಳಿಯುತ್ತವೆ. ಹಾಗೆಂದು ಕಾಯಿಲೆಯೇ ಇಲ್ಲ ಎನ್ನಲಾರೆ. ಮಾತ್ರೆ ತಪ್ಪಿದ ವಾರಗಳಲ್ಲಿ ದೊಡ್ಡಮ್ಮ ರಾತ್ರಿಯಿಡೀ ಬಾಗಿಲ ಬಳಿ ಕೂತದ್ದನ್ನು ನೋಡಿದ್ದೇನೆ.

ವರ್ಷಗಳ ಅಳತೆಯಲ್ಲೂ ಕಥೆ ಇದೇ. ಬ್ಲಾಯ್ಲರ್‌ನ ಮಗ ಮಾನ್‌ಫ್ರೆಡ್ 208 ರೋಗಿಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 1972ರಲ್ಲಿ ಬರೆದ: ಸರಾಸರಿ ಐದು ವರ್ಷದ ನಂತರ ಕಾಯಿಲೆ ಇನ್ನಷ್ಟು ಕುಸಿಯುವುದಿಲ್ಲ, ಸುಧಾರಿಸುವ ಕಡೆಗೇ ವಾಲುತ್ತದೆ. ಎರಡು ದಶಕ ಕಾದವನಿಗೆ ಕಂಡದ್ದು ವಾರ್ಡಿಗೆ ಒಮ್ಮೆ ಬಂದುಹೋಗುವವನಿಗೆ ಹೇಗೆ ಕಂಡೀತು?

ಮೊನ್ನೆ ಪಾತ್ರೆ ತುಂಬುವ ಹೊತ್ತಿಗೆ ಅಣ್ಣ ತಲೆಯೆತ್ತಿದ. “ಆಯ್ತು, ಆಗ್ಲೇ ಆಯ್ತು. ನಿಂದು?” ಎಂದ.