ವ್ಯಸನವೆಂಬ ಒಂದೇ ಶಬ್ದ

ಸಂಸ್ಕೃತದಲ್ಲಿ ‘ವ್ಯಸನ’ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಬಿಡಲಾಗದ ದುಶ್ಚಟವೆಂಬುದು ಒಂದು. ದುಃಖ ಅಥವಾ ವಿಪತ್ತು ಎಂಬುದು ಇನ್ನೊಂದು. ಕನ್ನಡವೂ ಇವೆರಡನ್ನೂ ಉಳಿಸಿಕೊಂಡಿದೆ. ‘ಅವನಿಗೆ ಕುಡಿತದ ವ್ಯಸನವಿದೆ’ ಎನ್ನುತ್ತೇವೆ. ‘ಸುದ್ದಿ ಕೇಳಿ ಬಹಳ ವ್ಯಸನವಾಯಿತು’ ಎಂದೂ ಎನ್ನುತ್ತೇವೆ. ‘ವಿ’ ಎಂಬ ಉಪಸರ್ಗದೊಡನೆ ಎಸೆಯುವುದೆಂಬ ಅರ್ಥದ ‘ಅಸ್’ ಧಾತು ಸೇರಿ ಆದ ಶಬ್ದವಿದು. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರ ಎಸೆಯುವುದೇ ವ್ಯಸನವೆಂದು ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ನಿರ್ವಚನ ಮಾಡಿದ್ದಾನೆ. ಹೀಗೆ ಎಸೆಯಲ್ಪಟ್ಟವನು ಅಪರಾಧಿಯೋ, ದುಃಖಿತನೋ? ಅವನನ್ನು ದಂಡಿಸಬೇಕೋ, ಎತ್ತಬೇಕೋ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಇದು ಪಾಂಡಿತ್ಯಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ನನ್ನ ಮನೆಯಲ್ಲಿಯೇ ಎದ್ದದ್ದು.

2018ರಲ್ಲಿ, ನಾನು ಸೇವೆಯಿಂದ ನಿವೃತ್ತನಾದ ಮರುವರ್ಷ, ನನ್ನ ತಂಗಿ ಕಣ್ಣೀರಿಡುತ್ತ ಬಂದಳು. ಅವಳ ಮಗ, ಒಳ್ಳೆಯ ಉದ್ಯೋಗದಲ್ಲಿದ್ದವನು, ಬೆಳಗಿನಿಂದಲೇ ಕುಡಿಯುವ ಸ್ಥಿತಿಗೆ ಬಂದಿದ್ದ. ಹಿರಿಯನೆಂಬ ಅಧಿಕಾರದಿಂದ ನಾನು ಅವನನ್ನು ಮಠಕ್ಕೆ ಕರೆದೊಯ್ದೆ. ರಾಯರ ಬೃಂದಾವನದ ಮುಂದೆ ನಿಲ್ಲಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದೆ. ದೊಡ್ಡ ಕೆಲಸ ಮಾಡಿದೆನೆಂಬ ತೃಪ್ತಿ ನನ್ನದಾಗಿತ್ತು. ಅವನು ಆಣೆಯಂತೆ ಆ ಕ್ಷಣದಿಂದಲೇ ನಿಲ್ಲಿಸಿದ. ಮೂರನೆಯ ದಿನ ಕೈಕಾಲು ನಡುಗಿ, ಸೆಳವು ಬಂದು ನೆಲಕ್ಕೆ ಬಿದ್ದ. ಬಹುಕಾಲ ಮಿತಿಮೀರಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಭ್ರಮೆ, ಪ್ರಾಣಾಪಾಯ ಕೂಡ ಒದಗಬಹುದೆಂದೂ, ಮೊದಲ ದಿನಗಳನ್ನು ವೈದ್ಯರ ಕಣ್ಣಳತೆಯಲ್ಲಿ ಕಳೆಯಬೇಕೆಂದೂ ಆಸ್ಪತ್ರೆಯಲ್ಲಿ ತಿಳಿಸಿದರು. ಅಷ್ಟು ವಯಸ್ಸಾದರೂ ನನಗದು ತಿಳಿದಿರಲಿಲ್ಲ.

ಅವನು ಚೇತರಿಸಿಕೊಂಡ. ಏಳು ತಿಂಗಳು ನೆಟ್ಟಗಿದ್ದ. 2019ರಲ್ಲಿ ಒಂದು ದಿನ ಮತ್ತೆ ಕುಡಿದು ಬಂದ. ಆಗ ನಾನು ಆಡಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. “ಗುರುಗಳಿಗೆ ದ್ರೋಹ ಮಾಡಿದವನು ನೀನು” ಎಂದೆ. ಆ ರಾತ್ರಿ ಅವನು ತನ್ನ ಮೈಯನ್ನು ತಾನೇ ಗಾಯಗೊಳಿಸಿಕೊಂಡ. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಅದೇ ಮೊದಲ ಸಲವಲ್ಲವೆಂಬುದು ಅಂದು ತಿಳಿಯಿತು. ಕಾಲೇಜಿನ ದಿನಗಳಿಂದ ಅವನು ಬೇಸಿಗೆಯಲ್ಲಿಯೂ ತುಂಬುತೋಳಿನ ಅಂಗಿ ತೊಡುತ್ತಿದ್ದುದರ ಕಾರಣವನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮರುದಿನ ಅವನ ಪಕ್ಕದಲ್ಲಿ ಕುಳಿತಾಗ ಅವನು ಹೇಳಿದ್ದು ಎರಡೇ ಮಾತು. “ಮಾಮಾ, ಆಣಿ ಮಾಡೋ ಮುಂದ ನಾ ಸುಳ್ಳು ಹೇಳಿರಲಿಲ್ಲ. ಸಾಯಬೇಕಂತ ಮಾಡಿಕೊಂಡದ್ದಲ್ಲ ಇದು. ಒಳಗಿನ ಉರಿ ಒಂದೀಟು ಕಡಿಮಿ ಆಗಲಿ ಅಂತ.”

ಆಣೆ ಮಾಡುವಾಗ ಸುಳ್ಳು ಹೇಳದವನು ಆಣೆಯನ್ನು ಮುರಿದದ್ದು ಹೇಗೆ? ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳುವ ಪ್ರಶ್ನೆ ಇದೇ ಅಲ್ಲವೇ? ತಾನು ಇಚ್ಛಿಸದಿದ್ದರೂ, ಯಾರೋ ಬಲಾತ್ಕಾರದಿಂದ ತೊಡಗಿಸಿದಂತೆ, ಮನುಷ್ಯನು ಪಾಪವನ್ನಾಚರಿಸುವುದು ಯಾವುದರ ಪ್ರೇರಣೆಯಿಂದ ಎಂದು ಅವನು ಕೇಳುತ್ತಾನೆ. ಶ್ರೀಕೃಷ್ಣನು ಆ ಪ್ರಶ್ನೆಯನ್ನು ನೆಪವೆಂದು ತಳ್ಳಿಹಾಕಲಿಲ್ಲ. ಅಂಥ ಶಕ್ತಿಯೊಂದು ಉಂಟು, ಅದು ಕಾಮ, ಅದು ಕ್ರೋಧ, ಅದೇ ವೈರಿ ಎಂದು ಉತ್ತರ ಕೊಟ್ಟನು. ಅದು ಇಂದ್ರಿಯ, ಮನಸ್ಸು, ಬುದ್ಧಿಗಳಲ್ಲಿ ನೆಲೆ ಮಾಡಿಕೊಳ್ಳುತ್ತದೆಂದೂ ತಿಳಿಸಿದನು. ವೈರಿಯನ್ನು ಗೆಲ್ಲಬೇಕಾದ ಬುದ್ಧಿಯಲ್ಲಿಯೇ ವೈರಿಯ ಠಾಣೆ ಇದೆ ಎಂಬುದು ಗಮನಾರ್ಹ. ಇಂದಿನ ವೈದ್ಯಶಾಸ್ತ್ರವೂ ತನ್ನದೇ ದಾರಿಯಲ್ಲಿ ಇದಕ್ಕೆ ಸಮೀಪವಾದ ಮಾತನ್ನು ಹೇಳುತ್ತದೆ. ಮತ್ತೆ ಮತ್ತೆ ಸೇವಿಸಿದ ಮಾದಕವು ಮೆದುಳಿನಲ್ಲಿ ಸುಖ, ಒತ್ತಡ, ಸಂಯಮಗಳಿಗೆ ಸಂಬಂಧಿಸಿದ ವ್ಯವಸ್ಥೆಗಳನ್ನೇ ಮಾರ್ಪಡಿಸುತ್ತದೆ. ‘ಬೇಡ’ ಎನ್ನುವ ಶಕ್ತಿಯೇ ಕುಂದುತ್ತದೆ. ಆನುವಂಶಿಕತೆಯ ಪಾಲೂ ಇದರಲ್ಲಿ ಸಾಕಷ್ಟಿದೆ.

ಹಾಗಾದರೆ ಅವನಿಗೆ ಹೊಣೆಯೇ ಇಲ್ಲವೇ? ರೋಗವೆಂದು ಹೇಳಿ ಕೈ ತೊಳೆದುಕೊಳ್ಳಬಹುದೇ? ಇಲ್ಲಿ ನಮ್ಮ ಸಿದ್ಧಾಂತವು ಒಂದು ಅಮೂಲ್ಯವಾದ ವಿವೇಕವನ್ನು ಕೊಡುತ್ತದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬರುತ್ತದೆ. ಜೀವನು ಕರ್ತೃವೇ, ಅಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾಗುತ್ತವೆ. ಆದರೆ ಆ ಕರ್ತೃತ್ವವು ಸ್ವತಂತ್ರವಲ್ಲ, ಪರಮಾತ್ಮನ ಅಧೀನ. ಬಡಗಿಯ ದೃಷ್ಟಾಂತ ಸೂತ್ರದಲ್ಲಿಯೇ ಇದೆ. ಮಾಡಿಸುವವನ ಅಧೀನದಲ್ಲಿದ್ದರೂ ಕೆಲಸ ಮಾಡುವವನು ಬಡಗಿಯೇ ಆಗಿರುವಂತೆ ಜೀವನೂ ಎಂಬುದು ಶ್ರೀಮದಾಚಾರ್ಯರ ಭಾಷ್ಯದ ಆಶಯ. ಈ ತತ್ತ್ವವನ್ನು ಪಾಠಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮನೆಯ ಹುಡುಗನೊಬ್ಬ ಬಿದ್ದಾಗ ಮಾತ್ರ ಅವನು ಸರ್ವಸ್ವತಂತ್ರನೆಂಬಂತೆ ಮಾತನಾಡುತ್ತೇವೆ. “ಮನಸ್ಸು ಮಾಡಿದರೆ ಇಂದೇ ಬಿಡಬಹುದು” ಎನ್ನುತ್ತೇವೆ. ಸ್ವತಂತ್ರನಾದವನು ಶ್ರೀಹರಿಯೊಬ್ಬನೇ ಎಂದು ದಿನವೂ ಹೇಳುವವರು ಹೀಗೆನ್ನಬಹುದೇ? ಇತ್ತ, ಎಲ್ಲವೂ ಅವನ ಪ್ರೇರಣೆ ಎಂದು ವ್ಯಸನಿಯು ಜಾರಿಕೊಳ್ಳುವುದಕ್ಕೂ ಅವಕಾಶವಿಲ್ಲ. ಉಳಿಯನ್ನು ಹಿಡಿದ ಕೈ ಅವನದೇ. ಅವನಿಗೆ ಕರ್ತೃತ್ವವಿದೆ, ಆದರೆ ಅದಕ್ಕೆ ಆಧಾರ ಬೇಕು. ಆ ಆಧಾರವನ್ನು ಒದಗಿಸುವುದು ಮನೆಯವರ ಧರ್ಮ; ಅದನ್ನು ಹಿಡಿದು ಏಳುವುದು ಅವನ ಧರ್ಮ.

ರೈಲ್ವೆಯಲ್ಲಿ ಅಪಘಾತದ ವಿಚಾರಣೆ ನಡೆಸಿದಾಗ ವರದಿಯಲ್ಲಿ ಕಾರಣವೇನು, ಹೊಣೆ ಯಾರದು ಎಂಬ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕಾಗಿತ್ತು. ಹೊಣೆಗಾರನ ಹೆಸರು ಸಿಕ್ಕಿತೆಂದು ಕಾರಣದ ಶೋಧನೆಯನ್ನು ನಿಲ್ಲಿಸಿದರೆ ಅದೇ ಜಾಗದಲ್ಲಿ ಇನ್ನೊಂದು ಅಪಘಾತಕ್ಕೆ ಎಡೆಯಾಗುತ್ತದೆ. ಇಷ್ಟು ವರ್ಷ ಕಚೇರಿಯಲ್ಲಿ ಪಾಲಿಸಿದ ಈ ನಿಯಮವನ್ನು ನಾನು ಮನೆಯಲ್ಲಿ ಮರೆತೆ. ಹೊಣೆಯನ್ನು ಹೊರಿಸಿದೆ; ಕಾರಣವನ್ನು ಕೇಳಲಿಲ್ಲ.

ಮತ್ತೆ ಮತ್ತೆ ಬೀಳುವುದರ ವಿಷಯದಲ್ಲಿ ಭಾಗವತದ ಷಷ್ಠಸ್ಕಂಧದ ಆರಂಭವನ್ನು ಎಲ್ಲರೂ ಒಮ್ಮೆ ನೋಡಬೇಕು. ತನಗೆ ಅಹಿತವೆಂದು ಕಂಡು ಕೇಳಿ ತಿಳಿದಿದ್ದರೂ ಮನುಷ್ಯನು ಪರವಶನಾಗಿ ಅದನ್ನೇ ಪುನಃ ಮಾಡುತ್ತಾನಲ್ಲ, ಹಾಗಿದ್ದರೆ ಪ್ರಾಯಶ್ಚಿತ್ತವು ಆನೆಯ ಸ್ನಾನದಂತೆ ಆಯಿತಲ್ಲವೇ ಎಂದು ಪರೀಕ್ಷಿದ್ರಾಜನು ಕೇಳುತ್ತಾನೆ. ಮಿಂದ ಆನೆ ಮತ್ತೆ ಮೈಮೇಲೆ ಧೂಳೆರಚಿಕೊಳ್ಳುವುದನ್ನು ನಾವೆಲ್ಲ ಬಲ್ಲೆವು. ಶುಕಾಚಾರ್ಯರು ರಾಜನ ಆಕ್ಷೇಪವನ್ನು ಅಲ್ಲಗಳೆಯುವುದಿಲ್ಲ. ನಿಜವಾದ ಪ್ರಾಯಶ್ಚಿತ್ತವೆಂದರೆ ವಿಮರ್ಶೆ ಎನ್ನುತ್ತಾರೆ. ಪಥ್ಯದ ಅನ್ನವನ್ನೇ ಉಣ್ಣುವವನನ್ನು ವ್ಯಾಧಿಗಳು ಹೇಗೆ ಮುತ್ತಲಾರವೋ ಹಾಗೆ ನಿಯಮದಲ್ಲಿ ನಡೆಯುವವನು ಮೆಲ್ಲಮೆಲ್ಲನೆ ಕ್ಷೇಮಕ್ಕೆ ಅರ್ಹನಾಗುತ್ತಾನೆ ಎನ್ನುತ್ತಾರೆ. ‘ಮೆಲ್ಲಮೆಲ್ಲನೆ’ ಎಂಬ ಈ ಮಾತನ್ನು ನಾವು ಬಿಟ್ಟುಬಿಡುತ್ತೇವೆ. ಮುಂದೆ ಬರುವ ಅಜಾಮಿಳನ ಕಥೆಯಲ್ಲಿಯೂ ನಾರಾಯಣನಾಮದ ಒಂದು ಕ್ಷಣವನ್ನು ಹೇಳಿ ಮುಗಿಸುತ್ತೇವೆ. ಯಮದೂತರಿಂದ ಬಿಡುಗಡೆಯಾದ ಮೇಲೆ ಅವನು ಪಶ್ಚಾತ್ತಾಪಪಟ್ಟು, ಹಳೆಯ ಬಾಳನ್ನು ಬಿಟ್ಟು, ಗಂಗಾದ್ವಾರಕ್ಕೆ ಹೋಗಿ ಸಾಧನೆಗೆ ಕುಳಿತನೆಂಬುದನ್ನು ಎಷ್ಟು ಜನ ನೆನೆಯುತ್ತೇವೆ? ಕೃಪೆ ಕ್ಷಣದಲ್ಲಿ ಬರಬಹುದು. ಚೇತರಿಕೆಗೆ ಕಾಲ ಬೇಕು. ಆಣೆಯಿಂದ ಎರಡನ್ನೂ ಒಂದೇ ದಿನದಲ್ಲಿ ಮುಗಿಸಹೊರಟದ್ದು ನನ್ನ ತಪ್ಪು.

ವನಪರ್ವದ ನಳೋಪಾಖ್ಯಾನದಲ್ಲಿ ಇದೇ ವಿಷಯ ಇನ್ನೊಂದು ಬಗೆಯಲ್ಲಿ ಬಂದಿದೆ. ಶೌಚದ ಒಂದು ಸಣ್ಣ ಲೋಪವನ್ನು ಹನ್ನೆರಡನೆಯ ವರ್ಷದವರೆಗೆ ಕಾದಿದ್ದ ಕಲಿಯು ನಳನನ್ನು ಹೊಕ್ಕನು. ಬಳಿಕ ಬಂಧುಗಳು, ಮಂತ್ರಿಗಳು, ದಮಯಂತಿ ಯಾರು ಹೇಳಿದರೂ ನಳನಿಗೆ ಪಗಡೆಯನ್ನು ಬಿಡಲಾಗಲಿಲ್ಲ. ರಾಜ್ಯ ಹೋಯಿತು. ಕಾರ್ಕೋಟಕನು ಕಚ್ಚಿದ ವಿಷವು ಒಳಗಿದ್ದ ಕಲಿಯನ್ನು ಸುಡುತ್ತಿದ್ದರೂ ಕಲಿಯು ಒಡನೆಯೇ ಹೊರಬರಲಿಲ್ಲ. ನಳನು ರೂಪಗೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಪರರ ಸಾರಥಿಯಾಗಿ ದಿನ ಕಳೆದನು. ಕಡೆಗೆ ಋತುಪರ್ಣನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು, ಎಂದರೆ ಆ ದಾಳಗಳ ಮರ್ಮವನ್ನೇ ಅರಿತಾಗ ಕಲಿಯು ಹೊರಬಿದ್ದನು. ಯಾವುದು ಕೆಡಿಸಿತೋ ಅದರ ಮರ್ಮವನ್ನು ತಿಳಿಯುವುದೇ ಬಿಡುಗಡೆಯ ದಾರಿಯಾಯಿತು. ಶುಕಾಚಾರ್ಯರು ಹೇಳುವ ವಿಮರ್ಶೆಯೂ ಇದೇ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಬೃಹದಶ್ವ ಋಷಿಗಳು ಈ ಕಥೆಯನ್ನು ಹೇಳಿದ್ದು ದ್ಯೂತದಲ್ಲಿ ಸೋತು ಕಾಡಿನಲ್ಲಿ ಕುಳಿತ ಯುಧಿಷ್ಠಿರನಿಗೆ. ಅವರು ಅವನನ್ನು ನಿಂದಿಸಲಿಲ್ಲ. ಅವನಂತೆಯೇ ಬಿದ್ದು ಎದ್ದವನೊಬ್ಬನ ಕಥೆಯನ್ನು ಹೇಳಿದರು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತಕ್ಕೆ ಸಿಕ್ಕವರು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡು ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟವು ಇಂದು ನಮ್ಮ ನಗರಗಳಲ್ಲಿಯೂ ನಡೆಯುತ್ತಿದೆ. ನನ್ನ ಸೋದರಳಿಯನಿಗೆ ನನ್ನ ಉಪದೇಶಕ್ಕಿಂತ ಅಂಥ ಕೂಟದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತ ಅಪರಿಚಿತನ ಮಾತು ಹೆಚ್ಚು ನಾಟಿತು.

ಇನ್ನು ತನ್ನ ದೇಹಕ್ಕೆ ತಾನೇ ಗಾಯ ಮಾಡಿಕೊಳ್ಳುವ ವಿಷಯ. ಇದು ಹೆಚ್ಚಾಗಿ ಹದಿಹರೆಯದಲ್ಲಿ ತೊಡಗುತ್ತದೆ. ಸಹಿಸಲಾಗದ ಸಂಕಟಕ್ಕೆ ಕ್ಷಣದ ಶಮನ, ಬಳಿಕ ನಾಚಿಕೆ, ನಾಚಿಕೆಯಿಂದ ಮತ್ತೆ ಸಂಕಟ. ಹೀಗೆ ಚಕ್ರ ತಿರುಗುತ್ತದೆ. ಕುಡಿತದ ಚಕ್ರವೂ ಇದೇ ಅಲ್ಲವೇ? ಎಲ್ಲ ಸಲವೂ ಸಾಯುವ ಉದ್ದೇಶ ಇರುವುದಿಲ್ಲ; ಆದರೆ ಮುಂದೆ ಪ್ರಾಣಕ್ಕೆ ಎರವಾಗುವ ಸಂಭವವನ್ನು ಇದು ಹೆಚ್ಚಿಸುವುದರಿಂದ ‘ನಾಟಕ’ವೆಂದು ತಳ್ಳಿಹಾಕಲೇಬಾರದು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ, ಶಾಸ್ತ್ರವಿಹಿತವಲ್ಲದ ಘೋರತಪಸ್ಸಿನಿಂದ ದೇಹವನ್ನು ಕೃಶಗೊಳಿಸುವ ದಾಂಭಿಕರು ದೇಹದೊಳಗಿರುವ ತನ್ನನ್ನೂ ಪೀಡಿಸುತ್ತಾರೆಂದು ಭಗವಂತನು ನುಡಿದಿದ್ದಾನೆ. ಆ ಮಾತು ಅಹಂಕಾರದಿಂದ ತಪಿಸುವವರನ್ನು ಕುರಿತದ್ದು. ಉರಿಯಲ್ಲಿ ಬೇಯುವ ಮಗುವಿಗೆ ಅದನ್ನು ಬೈಗುಳವಾಗಿ ಬಳಸಬಾರದು. ಆದರೆ ಅದರಲ್ಲಿರುವ ತತ್ತ್ವವನ್ನು ಆಸರೆಯಾಗಿ ಕೊಡಬಹುದು. ‘ನಿನ್ನ ದೇಹವು ನಿನ್ನ ಶತ್ರುವಲ್ಲ, ಬಿಂಬರೂಪಿಯಾದ ಶ್ರೀಹರಿ ಅದರಲ್ಲಿ ನಿಂತಿದ್ದಾನೆ, ನೀನು ನೊಂದಾಗಲೂ ಬಿಟ್ಟುಹೋಗಿಲ್ಲ’ ಎಂಬ ಮಾತು ಔಷಧದಂತೆ ಕೆಲಸ ಮಾಡಬಲ್ಲದು. ಅದೇ ಮಾತನ್ನು ‘ದೇವರ ಗುಡಿಯನ್ನು ಕೆಡಿಸಿದೆ’ ಎಂದು ತಿರುಗಿಸಿದರೆ ಇನ್ನೊಂದು ಗಾಯಕ್ಕೆ ಕಾರಣವಾಗುತ್ತದೆ.

ಈ ಚಿಕಿತ್ಸೆಯಲ್ಲಿ ಹೆಸರಾದ ಒಂದು ಪದ್ಧತಿಯನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರು, ತಾವೇ ಹರೆಯದಲ್ಲಿ ಹೀಗೆ ಗಾಯ ಮಾಡಿಕೊಳ್ಳುತ್ತಿದ್ದುದನ್ನು 2011ರಲ್ಲಿ ಬಹಿರಂಗವಾಗಿ ತಿಳಿಸಿದರು. ಇರುವ ಸ್ಥಿತಿಯನ್ನು ಇರುವಂತೆ ಒಪ್ಪಿಕೊಳ್ಳುವುದು, ಜೊತೆಗೇ ಬದಲಾಗಲು ದುಡಿಯುವುದು, ಇವೆರಡೂ ಆ ಪದ್ಧತಿಯ ಆಧಾರ. ಉದ್ವೇಗವು ಅಲೆಯಂತೆ ಏರಿ ಇಳಿಯುತ್ತದೆ. ಅದು ಇಳಿಯುವ ತನಕ ತಡೆದು ನಿಲ್ಲುವುದನ್ನು, ಒಬ್ಬರನ್ನು ಕೂಗಿ ಕರೆಯುವುದನ್ನು ಅಭ್ಯಾಸದಿಂದ ಕಲಿಯಬಹುದು. ಮನೋನಿಗ್ರಹಕ್ಕೆ ಅಭ್ಯಾಸ, ವೈರಾಗ್ಯಗಳೆಂಬ ಎರಡು ಉಪಾಯಗಳನ್ನು ಹೇಳಿದಾಗ ಗೀತಾಚಾರ್ಯನು ಅಭ್ಯಾಸವನ್ನೇ ಮೊದಲು ಹೇಳಿದ್ದಾನೆಂಬುದು ಇಲ್ಲಿ ಸ್ಮರಣೀಯ.

ಕಾನೂನು ಕೂಡ ಈ ದಿಕ್ಕಿಗೆ ಸರಿದಿದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನನ್ನು ದಂಡಿಸಬಾರದು, ಸರಕಾರವು ಅವನ ಆರೈಕೆಗೆ ವ್ಯವಸ್ಥೆ ಮಾಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮು ಹೇಳಿತು. ಹಾಗೆ ಯತ್ನಿಸಿದವನನ್ನು ಅಷ್ಟರಿಂದಲೇ ಅಪರಾಧಿಯೆನ್ನುತ್ತಿದ್ದ ಹಳೆಯ 309ನೆಯ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿಯಲಿಲ್ಲ. ಸರಕಾರವು ಕೈಬಿಟ್ಟ ದಂಡವನ್ನು ನಮ್ಮ ಮನೆಗಳು ಇನ್ನೂ ವಿಧಿಸುತ್ತಿವೆಯೇ ಎಂದು ನಾವು ಕೇಳಿಕೊಳ್ಳಬೇಕು.

ಊರು ಬಿಟ್ಟು ನಗರಗಳಿಗೆ ಬಂದ ನಮ್ಮ ಕುಟುಂಬಗಳಲ್ಲಿ ಮಾನದ ಭಯ ಹೆಚ್ಚು. ನಾಲ್ಕು ಜನ ನಮ್ಮವರಿರುವಲ್ಲಿ ಸುದ್ದಿ ಹರಡೀತೆಂದು ಮುಚ್ಚಿಡುತ್ತೇವೆ. ಮುಚ್ಚಿಟ್ಟ ವ್ರಣವು ಒಳಗೇ ಕೊಳೆಯುತ್ತದೆ. ಚಿಕಿತ್ಸೆಗೆ ಸ್ಥಾನಗಳಿಲ್ಲವೆಂದಲ್ಲ. ಪುಣೆಯಲ್ಲಿ 1986ರಲ್ಲಿ ಅನಿತಾ ಮತ್ತು ಅನಿಲ ಅವಚಟ ದಂಪತಿಗಳು ಸ್ಥಾಪಿಸಿದ ಮುಕ್ತಾಂಗಣ, ಚೆನ್ನೈಯಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಅವರು ತಮ್ಮ ಪತಿಯನ್ನು ಕಳೆದುಕೊಂಡ ಬಳಿಕ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ, ಬೆಂಗಳೂರಿನ ನಿಮ್ಹಾನ್ಸ್ ಇವು ಪ್ರಸಿದ್ಧವಾದವು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ನನ್ನ ಸೋದರಳಿಯನು ಈಗ ಆರನೆಯ ವರ್ಷ ಕುಡಿತವಿಲ್ಲದೆ ಇದ್ದಾನೆ. ನಡುವೆ ಒಂದು ಸಲ ಬಿದ್ದ. ಆ ಸಲ ನಾನು “ಏನಾಯಿತು?” ಎಂದಷ್ಟೇ ಕೇಳಿದೆ. ಅವನು ಹೇಳಿದ, ನಾನು ಕೇಳಿದೆ, ಮರುದಿನ ಇಬ್ಬರೂ ವೈದ್ಯರಲ್ಲಿಗೆ ಹೋದೆವು. ಈ ಲೇಖನವನ್ನು ಅವನಿಗೆ ಓದಿ ತೋರಿಸಿ, ಅವನು ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ.

ಈಗಲೂ ನಾವಿಬ್ಬರೂ ಗುರುವಾರಗಳಂದು ರಾಯರ ಸನ್ನಿಧಿಗೆ ಹೋಗುತ್ತೇವೆ. ಆಣೆ ಮಾಡಿಸುವುದಿಲ್ಲ. ಇಂದಿನ ಒಂದು ದಿನವನ್ನು ನಡೆಸಿಕೊಡಿರೆಂದು ಅವನು ಬೇಡಿಕೊಳ್ಳುತ್ತಾನೆ. ಪಕ್ಕದಲ್ಲಿ ನಿಂತು ನಾನೂ ಅದನ್ನೇ ಬೇಡಿಕೊಳ್ಳುತ್ತೇನೆ. ಏಕೆಂದರೆ ಅಂದು ಮಾತಿನ ಮೇಲೆ ಹಿಡಿತ ತಪ್ಪಿದವನು ನಾನು. ಬಂಧುವೊಬ್ಬನ ವ್ಯಸನವನ್ನು ಕಂಡಾಗ ನಮಗೆ ಕೋಪ ಬರುವ ಮೊದಲು ವ್ಯಸನವಾಗಲಿ. ಆ ಶಬ್ದದ ಎರಡು ಅರ್ಥಗಳೂ ಹಾಗೆ ನಮ್ಮಲ್ಲಿ ಒಂದಾಗಲಿ.

ಶ್ರೀಕೃಷ್ಣಾರ್ಪಣಮಸ್ತು.